ಡ್ರೈವರ್ ಬರೆಯಲು ಕಲಿಯಬೇಕು: ಲಿನಕ್ಸಾ, ವಿಂಡೋಸಾ, ಮ್ಯಾಕಾ?

ನಮ್ಮ ಉತ್ತರ ಕನ್ನಡದ ಕಾರವಾರ, ಹಳಿಯಾಳ, ಭಟ್ಕಳದ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಓದುತ್ತಿರುವವರು ಕೇಳುತ್ತಾರೆ. ಓದು ಮುಗಿಸಿ ಶಿರಸಿ, ಕುಮಟಾದ ಮನೆಯಲ್ಲೇ ಕೂತು ಕೆಲಸ ಮಾಡುವವರೂ ಕೇಳುತ್ತಾರೆ. ಸಿ ಭಾಷೆ ಬರುತ್ತದೆ, ಪಾಯಿಂಟರ್ ಅಂದರೆ ಹೆದರಿಕೆ ಇಲ್ಲ, ಈಗ ಓಎಸ್‌ನ ತಿರುಳಾದ ಕರ್ನಲ್ ಒಳಗೆ ಇಳಿದು, ಉಪಕರಣವನ್ನು ಓಡಿಸುವ ಕೋಡ್, ಅಂದರೆ ಡಿವೈಸ್ ಡ್ರೈವರ್ ಬರೆಯುವ ಆಸೆ. ಎಲ್ಲಿಂದ ಶುರು ಮಾಡಲಿ? ಒಬ್ಬರು ಲಿನಕ್ಸ್ ಅನ್ನುತ್ತಾರೆ. ಇನ್ನೊಬ್ಬರು ಜನ ಬಳಸುವುದು ವಿಂಡೋಸ್, ಅದನ್ನೇ ಕಲಿ ಅನ್ನುತ್ತಾರೆ. ಮ್ಯಾಕ್ ಕೊಂಡವರಿಗೆ ಇದರಲ್ಲೇ ಆಗುತ್ತದಾ ಅನ್ನುವ ಚಿಂತೆ.

ಡ್ರೈವರ್ ಕಲಿಯುವುದು ಅಂದರೆ ಯಂತ್ರ ಕ್ರ್ಯಾಶ್ ಆಗುವುದು, ಯಾಕೆ ಆಯಿತು ಅಂತ ಹುಡುಕುವುದು, ತಿದ್ದುವುದು, ಮತ್ತೆ ಓಡಿಸುವುದು. ಈ ಒಂದು ಸುತ್ತು ನಿಮ್ಮ ಕೈಯಲ್ಲಿರುವ ಯಂತ್ರದಲ್ಲಿ, ನಿಮ್ಮ ಊರಿನ ಕರೆಂಟು, ನೆಟ್ಟಿನಲ್ಲಿ ಎಷ್ಟು ಬೇಗ ಮುಗಿಯುತ್ತದೆ ಎನ್ನುವುದನ್ನೇ ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಯಾವ ಓಎಸ್ ದೊಡ್ಡದು ಅನ್ನುವ ವಾದ ಆಮೇಲಿನದು.

ಕರ್ನಲ್ ಬೇಕೇ ಬೇಕಾ?

ಆಯ್ಕೆಗೆ ಮುಂಚೆ ಇದನ್ನು ಕೇಳಿಕೊಳ್ಳಿ. ಶಿರಸಿಯ ಅಡಿಕೆ ಅಂಗಡಿಯೊಂದರ ತೂಕದ ಯಂತ್ರದಿಂದ ಅಂಕಿ ನೇರವಾಗಿ ಬಿಲ್ಲಿಗೆ ಬರಬೇಕು ಅಂದುಕೊಳ್ಳಿ. ಇಲ್ಲವೇ ಕಾರವಾರದ ಬೈತಖೋಲ ಬಂದರಿನ ಬೋಟಿನ ಜಿಪಿಎಸ್‌ನಿಂದ ಲ್ಯಾಪ್‌ಟಾಪಿಗೆ ಸ್ಥಳದ ಮಾಹಿತಿ ಬರಬೇಕು. ಕೇಳಿದ ತಕ್ಷಣ ಡ್ರೈವರ್ ಬರೆಯಬೇಕು ಅನ್ನಿಸುತ್ತದೆ ಅಲ್ವಾ? ಬೇಡ. ಇಂಥ ತೂಕದ ಯಂತ್ರಗಳಲ್ಲಿ ಸಾಮಾನ್ಯವಾಗಿ ಸೀರಿಯಲ್ ಪೋರ್ಟ್ ಇರುತ್ತದೆ. ಬೋಟಿನ ಉಪಕರಣಗಳು ಎನ್‌ಎಂಇಎ 0183 ಎಂಬ ಹಳೆಯ ಕ್ರಮದಲ್ಲಿ, ಹೆಚ್ಚಾಗಿ ಸೆಕೆಂಡಿಗೆ 4800 ಬಿಟ್ ವೇಗದಲ್ಲಿ, ಸಾದಾ ಅಕ್ಷರಗಳ ಸಾಲುಗಳನ್ನು ಕಳಿಸುತ್ತವೆ. ನಡುವೆ ಒಂದು ಯುಎಸ್‌ಬಿ-ಸೀರಿಯಲ್ ಕನ್ವರ್ಟರ್ ಹಾಕಿದರೆ ಸಾಕು. ಅದರೊಳಗಿನ ಸಿಎಚ್340 ಥರದ ಚಿಪ್‌ಗೆ ಡ್ರೈವರ್ ಆಗಲೇ ಇದೆ. ನೀವು ಪೋರ್ಟ್ ತೆರೆದು ಸಾಲು ಓದುವ ಚಿಕ್ಕ ಪೈಥಾನ್ ಪ್ರೋಗ್ರಾಂ ಬರೆದರೆ ಕೆಲಸ ಮುಗಿಯಿತು.

ಸೀರಿಯಲ್ ಅಲ್ಲದ ಯುಎಸ್‌ಬಿ ಉಪಕರಣ ಇದ್ದರೂ ಲಿಬ್‌ಯುಎಸ್‌ಬಿ ಎಂಬ ಲೈಬ್ರರಿ ಬಳಸಿ ಹೊರಗಿನಿಂದಲೇ ಮಾತಾಡಿಸಬಹುದು. ವಿಂಡೋಸ್‌ನಲ್ಲಿ ಯುಎಂಡಿಎಫ್ ಅಂತ ಕರ್ನಲ್‌ನ ಹೊರಗೆ ಓಡುವ ಡ್ರೈವರ್‌ಗೇ ಒಂದು ಚೌಕಟ್ಟು ಇದೆ. ಹೊರಗೆ ಓಡುವ ಕೋಡ್ ಬಿದ್ದರೆ ಅಂಗಳದಲ್ಲಿ ಜಾರಿದ ಹಾಗೆ, ಎದ್ದು ಮೈ ಕೊಡವಿದರಾಯಿತು. ಕರ್ನಲ್ ಒಳಗೆ ಬಿದ್ದರೆ ಅಡಿಕೆ ಮರದ ತುದಿಯಿಂದ ಬಿದ್ದ ಹಾಗೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶದ ಕರ್ನಲ್ ಡ್ರೈವರ್ ಒಂದು ಕೆಟ್ಟ ಅಪ್‌ಡೇಟ್ ಫೈಲನ್ನು ಓದಿತು. ಮೈಕ್ರೋಸಾಫ್ಟ್ ಲೆಕ್ಕದ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನ ನಿಲ್ದಾಣಗಳಲ್ಲಿ ಕೈಯಿಂದ ಬೋರ್ಡಿಂಗ್ ಪಾಸ್ ಬರೆದುಕೊಟ್ಟಿದ್ದು ನಿಮಗೂ ನೆನಪಿರಬಹುದು.

ಕಂಪ್ಯೂಟರಿನ ಒಳಗೆ ಕೂರಿಸುವ ಪಿಸಿಐ ಕಾರ್ಡ್, ಇಂಟರಪ್ಟ್‌ಗೆ (ಉಪಕರಣ ಪ್ರೊಸೆಸರನ್ನು ತಡೆದು ಕೂಗುವ ಕರೆಗೆ) ತಕ್ಷಣ ಉತ್ತರ ಕೊಡಬೇಕಾದ ಉಪಕರಣ, ನೇರವಾಗಿ ಮೆಮೊರಿಗೆ ಬರೆಯುವ ಡಿಎಂಎ, ಫೈಲ್ ಸಿಸ್ಟಮ್, ನೆಟ್‌ವರ್ಕ್ ಕಾರ್ಡ್ — ಇಲ್ಲಿ ಕರ್ನಲ್ ಬೇಕು. ಇವು ಬೇಕಾದವರಿಗೆ, ಅಥವಾ ಸುಮ್ನೆ ಒಳಗೆ ಏನಾಗುತ್ತದೆ ಅಂತ ತಿಳಿಯುವ ಹಂಬಲ ಇರುವವರಿಗೆ ಮುಂದಿನದು. ಆ ಹಂಬಲ ಒಂದೇ ಇದ್ದರೂ ಧಾರಾಳ ಸಾಕು.

ಯಾವುದನ್ನು ಇಟ್ಟುಕೊಂಡು ತೂಗಬೇಕು

ಮೊದಲನೆಯದು, ಆಗಲೇ ಹೇಳಿದ ಸುತ್ತು. ತಪ್ಪಾದಾಗ ಯಂತ್ರ ಏನು ಹೇಳುತ್ತದೆ, ಎಷ್ಟು ಹೊತ್ತಿನಲ್ಲಿ ಮತ್ತೆ ಏಳುತ್ತದೆ. ಎರಡನೆಯದು ಖರ್ಚು: ರ‍್ಯಾಮ್, ಡಿಸ್ಕ್, ಎರಡನೇ ಯಂತ್ರ, ಡೌನ್‌ಲೋಡ್. ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಮೇಲೆ ನೆಟ್ ಹೇಗಿರುತ್ತದೆ ಅಂತ ನಮಗೆ ಯಾರೂ ಹೇಳಬೇಕಿಲ್ಲ, ಹಾಗಾಗಿ ಡೌನ್‌ಲೋಡ್ ಗಾತ್ರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಮೂರನೆಯದು, ಬೇರೆಯವರು ಬರೆದ ಒಳ್ಳೆಯ ಡ್ರೈವರ್‌ಗಳು ಓದಲು ಸಿಗುತ್ತವಾ? ನಾಲ್ಕನೆಯದು, ನೀವು ಬರೆದದ್ದು ಬೇರೆಯವರ ಕಂಪ್ಯೂಟರಿನಲ್ಲಿ ಓಡಬೇಕಾದರೆ ಯಾರ ಒಪ್ಪಿಗೆ ಬೇಕು, ಎಷ್ಟು ದುಡ್ಡು ಬೇಕು? ಕೆಲಸದ ಮಾತು ಐದನೆಯದು. ಅದನ್ನು ಕೊನೆಗೆ ಇಟ್ಟಿದ್ದು ಬೇಕೆಂದೇ. ಇಂಟರಪ್ಟ್, ಡಿಎಂಎ, ಲಾಕ್ — ಇವನ್ನು ಒಂದು ಕಡೆ ಸರಿಯಾಗಿ ಕಲಿತವರು ಇನ್ನೊಂದು ಕಡೆಗೆ ಹೋಗುವುದು ಅಷ್ಟು ಕಷ್ಟವಲ್ಲ.

ಹೋಲಿಸಲು ಒಂದೇ ಉಪಕರಣ

ಬೇರೆಬೇರೆ ಉಪಕರಣಕ್ಕೆ ಡ್ರೈವರ್ ಬರೆದು ಓಎಸ್‌ಗಳನ್ನು ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಕ್ಯೂಇಎಂಯು ಎಂಬ ಉಚಿತ ವರ್ಚುವಲ್ ಮಷೀನ್ (ವಿಎಂ, ಅಂದರೆ ಕಂಪ್ಯೂಟರಿನೊಳಗೆ ಓಡುವ ಇನ್ನೊಂದು ಕಂಪ್ಯೂಟರ್) ತಂತ್ರಾಂಶದಲ್ಲಿ ಕಲಿಯುವವರಿಗೆಂದೇ ಮಾಡಿಟ್ಟ ಒಂದು ಪಿಸಿಐ ಕಾರ್ಡ್ ಇದೆ, ಹೆಸರು ‘ಎಡು’. ನಿಜವಾದ ಕಾರ್ಡ್ ಅಲ್ಲ, ಆದರೆ ವಿಎಂ ಒಳಗೆ ಓಡುವ ಗೆಸ್ಟ್ ಓಎಸ್‌ಗೆ ಅದು ನಿಜವಾದದ್ದೇ. ವಿಎಂ ಶುರು ಮಾಡುವಾಗ ಒಂದು ಆಯ್ಕೆ ಸೇರಿಸಿದರೆ ಬಂದು ಕೂರುತ್ತದೆ.

ಈ ಕಾರ್ಡ್ ಮಾಡುವ ಕೆಲಸ ತುಂಬಾ ಸರಳ. 4ನೇ ವಿಳಾಸಕ್ಕೆ ಒಂದು ಸಂಖ್ಯೆ ಬರೆದು ತಿರುಗಿ ಓದಿದರೆ, ಅದರ ಬಿಟ್‌ಗಳೆಲ್ಲ ಉಲ್ಟಾ ಆಗಿ ಬರುತ್ತವೆ. ಕಾರ್ಡ್ ಜೀವಂತ ಇದೆ ಅಂತ ತಿಳಿಯಲು ಇಷ್ಟು ಸಾಕು. 8ನೇ ವಿಳಾಸಕ್ಕೆ 5 ಬರೆದರೆ ಸ್ವಲ್ಪ ಹೊತ್ತಿಗೆ ಅದರ ಫ್ಯಾಕ್ಟೋರಿಯಲ್ 120 ಸಿಗುತ್ತದೆ. ರಿಜಿಸ್ಟರ್ 32 ಬಿಟ್‌ನದ್ದು, ಹಾಗಾಗಿ 12ರ ತನಕ ಉತ್ತರ ಸರಿ, 13ಕ್ಕೆ ಹಿಡಿಸುವುದಿಲ್ಲ. ಲೆಕ್ಕ ಮುಗಿದಾಗ ಇಂಟರಪ್ಟ್ ಕೊಡು ಅಂತಲೂ ಹೇಳಬಹುದು. ಇಂಟರಪ್ಟ್ ಬಂದಾಗ ‘ಸಿಕ್ಕಿತು’ ಅಂತ ಕಾರ್ಡಿಗೆ ತಿಳಿಸುವುದನ್ನು ಮರೆತರೆ ಅದು ಕೊಡುತ್ತಲೇ ಇರುತ್ತದೆ, ವಿಎಂ ಅಲ್ಲೇ ಸಿಕ್ಕಿಬೀಳುತ್ತದೆ. ಇದರ ಮೇಲೆ 4096 ಬೈಟ್‌ನ ಡಿಎಂಎ ಬಫರ್ ಬೇರೆ ಇದೆ. ಅದು ಮುಟ್ಟಬಲ್ಲ ಮೆಮೊರಿ ವಿಳಾಸ ಮಾಮೂಲಾಗಿ 28 ಬಿಟ್‌ಗೆ ಸೀಮಿತ. ಆ ಮಿತಿಯನ್ನು ಕರ್ನಲ್‌ಗೆ ಮೊದಲೇ ತಿಳಿಸುವುದು ಹೇಗೆ ಅಂತ ಇಲ್ಲೇ ಕಲಿಯುತ್ತೀರಿ. ಹಳೇ ಹಾರ್ಡ್‌ವೇರ್‌ಗಳಲ್ಲಿ ಇಂಥ ಮಿತಿಗಳು ಬೇಕಾದಷ್ಟಿವೆ.

ಒಂದು ರೂಪಾಯಿ ಖರ್ಚಿಲ್ಲ. ಲಿನಕ್ಸ್ ವಿಎಂಗೂ ಇದನ್ನು ಕೊಡಬಹುದು, ವಿಂಡೋಸ್ ವಿಎಂಗೂ ಕೊಡಬಹುದು. ಮುಂದೆ ಹೇಳುವುದನ್ನೆಲ್ಲ ಈ ಕಾರ್ಡ್ ಮುಂದಿಟ್ಟುಕೊಂಡು ಓದಿ.

ಲಿನಕ್ಸ್

ಶುರು ಮಾಡಲು ಬೇಕಾದ್ದು ಕಂಪೈಲರ್ ಮತ್ತು ನಿಮ್ಮ ಕರ್ನಲ್‌ನ ಹೆಡರ್ ಪ್ಯಾಕೇಜ್. ಎರಡೂ ಚಿಕ್ಕವು, ಮೊಬೈಲ್ ಹಾಟ್‌ಸ್ಪಾಟಿನಲ್ಲೇ ಇಳಿಯುತ್ತವೆ. ಇಡೀ ಕರ್ನಲ್ ಸೋರ್ಸ್ ಬೇಕೆಂದರೂ ಒತ್ತಿದ ಟಾರ್ ಫೈಲ್ 150 ಎಂಬಿ ಆಸುಪಾಸು. ಪೂರ್ತಿ ಗಿಟ್ ಇತಿಹಾಸ ಇಳಿಸಲು ಹೋಗಬೇಡಿ, ಅದು ಕೆಲವು ಜಿಬಿ ಆಗುತ್ತದೆ. ಕಲಿಕೆಗೆ ಅದರ ಅಗತ್ಯವಿಲ್ಲ. 8 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪಿನಲ್ಲಿ 1 ಅಥವಾ 2 ಜಿಬಿಯ ಡೆಬಿಯನ್ ವಿಎಂ ಆರಾಮಾಗಿ ಓಡುತ್ತದೆ.

ಕೋಡ್ ತಿದ್ದಿ, ಮೇಕ್ ಒತ್ತಿ, ಇನ್ಸ್‌ಮಾಡ್ ಹೊಡೆದರೆ ಡ್ರೈವರ್ ಒಳಗೆ. ಆರ್‌ಎಂಮಾಡ್ ಹೊಡೆದರೆ ಹೊರಗೆ. ಸುತ್ತು ಸೆಕೆಂಡುಗಳಲ್ಲಿ ಮುಗಿಯುತ್ತದೆ. ಖಾಲಿ ಪಾಯಿಂಟರ್ ಮುಟ್ಟಿದರೆ ‘ಊಪ್ಸ್’ ಬರುತ್ತದೆ. ಯಾವ ಫಂಕ್ಷನ್, ಅದರೊಳಗೆ ಎಷ್ಟನೇ ಬೈಟ್ ಅಂತ ಲಾಗ್ ಹೇಳುತ್ತದೆ. ಎಷ್ಟೋ ಸಲ ಆ ಒಂದು ಪ್ರೋಗ್ರಾಂ ಮಾತ್ರ ಸತ್ತು ಉಳಿದ ಯಂತ್ರ ಓಡುತ್ತಲೇ ಇರುತ್ತದೆ, ಕೂತು ಲಾಗ್ ಓದಬಹುದು. ಹಾಗೆ ಓಡುತ್ತಿರುವ ಕರ್ನಲ್‌ನ ಸ್ಥಿತಿ ನಂಬುವಂಥದ್ದಲ್ಲ, ಓದಿ ಮುಗಿದ ಮೇಲೆ ರೀಬೂಟ್ ಮಾಡಿಬಿಡಿ.

ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಸ್ಪಿನ್‌ಲಾಕ್ (ಒಂದೇ ಡೇಟಾವನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗ) ಹಿಡಿದುಕೊಂಡಿರುವಾಗ ಕಾಯುವಂಥ ಕೆಲಸ ಮಾಡಬಾರದು. ಹೊಸಬರೆಲ್ಲ ಇದನ್ನು ಮಾಡೇ ಮಾಡುತ್ತಾರೆ, ಮೆಮೊರಿ ಕೇಳುವಾಗ ಕಾಯುವ ಬಗೆಯದನ್ನು ಕೇಳಿಬಿಡುತ್ತಾರೆ. ಕರ್ನಲ್ ಕಟ್ಟುವಾಗ ಇದನ್ನು ಪರೀಕ್ಷಿಸುವ ಆಯ್ಕೆ ಹಾಕಿದ್ದರೆ, ‘ಮಲಗಬಾರದ ಕಡೆ ಮಲಗುವ ಫಂಕ್ಷನ್ ಕರೆದಿದ್ದೀರಿ’ ಅನ್ನುವ ಅರ್ಥದ ಸಂದೇಶ ಫೈಲ್ ಹೆಸರು, ಸಾಲಿನ ಸಂಖ್ಯೆ ಸಮೇತ ಬರುತ್ತದೆ. ಯಂತ್ರ ನಿಲ್ಲುವುದಿಲ್ಲ. ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದರೆ ಹಿಡಿಯಲು ಕೆಸಾನ್ ಇದೆ, ಲಾಕ್‌ಗಳ ಕ್ರಮ ತಪ್ಪಿದರೆ ಹೇಳಲು ಲಾಕ್‌ಡೆಪ್ ಇದೆ. ಇವನ್ನೆಲ್ಲ ಹಾಕಿ ಒಂದು ಕರ್ನಲ್ ಕಟ್ಟಿಟ್ಟುಕೊಳ್ಳಿ. ಕಟ್ಟಲು ಹೊತ್ತು ಬೇಕು, ನಡುವೆ ಕರೆಂಟು ಹೋದರೂ ಚಿಂತೆ ಇಲ್ಲ. ಮೇಕ್ ಮತ್ತೆ ಹೊಡೆದರೆ ಹೆಚ್ಚುಕಮ್ಮಿ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.

ಓದಲು ಸಿಗುವ ಕೋಡಿನ ವಿಷಯದಲ್ಲಿ ಲಿನಕ್ಸ್‌ಗೆ ಸಾಟಿ ಇಲ್ಲ. ಮೇಲೆ ಹೇಳಿದ ಸಿಎಚ್340 ಕನ್ವರ್ಟರಿನ ಡ್ರೈವರ್ ಸಾವಿರ ಸಾಲಿನ ಆಸುಪಾಸು ಇದೆ ಅಷ್ಟೇ. ನಿಮ್ಮ ಮೇಜಿನ ಮೇಲೆ ಆ ಹೊತ್ತಿನಲ್ಲಿ ಓಡುತ್ತಿರುವ ಕೋಡನ್ನೇ ತೆರೆದು ಓದಬಹುದು, ಲಾಗ್‌ಗೆ ಸಂದೇಶ ಬರೆಯುವ ಒಂದು ಪ್ರಿಂಟ್‌ಕೆ ಸೇರಿಸಿ ಏನು ಬರುತ್ತದೆ ನೋಡಬಹುದು. ಈ ಅನುಭವಕ್ಕೆ ಬೆಲೆ ಕಟ್ಟಲಾಗದು.

ಕಷ್ಟ ಎಲ್ಲಿದೆ? ಕರ್ನಲ್ ಒಳಗಿನ ಫಂಕ್ಷನ್‌ಗಳು ಬದಲಾಗುತ್ತಲೇ ಇರುತ್ತವೆ, ಹಾಗೇ ಇಡುತ್ತೇವೆ ಅಂತ ಯಾರೂ ಮಾತು ಕೊಟ್ಟಿಲ್ಲ. ಟೈಮರ್ ಹೂಡುವ ರೀತಿ ಕರ್ನಲ್‌ನ 4.15ನೇ ಆವೃತ್ತಿಯಲ್ಲಿ ಬದಲಾಯಿತು. ಪ್ರಾಕ್ ಫೈಲ್ ಮಾಡುವ ರೀತಿ 5.6ರಲ್ಲಿ ಬದಲಾಯಿತು. ಕ್ಲಾಸ್-ಕ್ರಿಯೇಟ್ ಫಂಕ್ಷನ್‌ಗೆ ಎರಡು ಆರ್ಗ್ಯುಮೆಂಟ್ ಕೊಡುತ್ತಿದ್ದದ್ದು 6.4ರಿಂದ ಒಂದೇ ಆಯಿತು. ಹಾಗಾಗಿ 2.6ರ ಕಾಲದ ಪಾಠ ನೋಡಿ ಬರೆದರೆ ಮೊದಲ ದಿನವೇ ಕಂಪೈಲ್ ಆಗುವುದಿಲ್ಲ, ತಪ್ಪು ನಿಮ್ಮದು ಅಂತ ಅನ್ನಿಸಿ ಮನಸ್ಸು ಕುಗ್ಗುತ್ತದೆ. ಉಪಾಯ ಸರಳ: ಪಾಠದಿಂದ ವಿಚಾರ ತೆಗೆದುಕೊಳ್ಳಿ, ಬರೆಯುವ ರೀತಿಯನ್ನು ನಿಮ್ಮಲ್ಲಿರುವ ಸೋರ್ಸ್‌ನ ಅದೇ ಬಗೆಯ ಡ್ರೈವರ್‌ನಿಂದ ನೋಡಿಕೊಳ್ಳಿ.

ಹಂಚಲು ದುಡ್ಡು ಬೇಡ. ಪ್ಯಾಚನ್ನು, ಅಂದರೆ ಕೋಡಿನ ತಿದ್ದುಪಡಿಯನ್ನು, ಸಾದಾ ಇಮೇಲಿನಲ್ಲಿ ಕಳಿಸುತ್ತಾರೆ. ಸಿದ್ದಾಪುರದ ಒಂದು ಕಡ್ಡಿ ಸಿಗ್ನಲ್‌ನಲ್ಲೂ ಅದು ಹೋಗುತ್ತದೆ. ಆ ಭಾಗ ನೋಡಿಕೊಳ್ಳುವವರು ಸಾಲು ಸಾಲಾಗಿ ಓದಿ ತಿದ್ದಲು ಹೇಳುತ್ತಾರೆ. ಮಾತು ಕೆಲವೊಮ್ಮೆ ಒರಟು ಅನ್ನಿಸಬಹುದು, ಆದರೆ ಅಷ್ಟು ಅನುಭವ ಇರುವವರು ನಿಮ್ಮ ಕೋಡ್ ಓದುವುದು ಬೇರೆಲ್ಲೂ ಬಿಟ್ಟಿ ಸಿಗುವುದಿಲ್ಲ. ಒಪ್ಪಿದರೆ ನಿಮ್ಮ ಹೆಸರು ಕರ್ನಲ್ ಇತಿಹಾಸದಲ್ಲಿ ಉಳಿಯುತ್ತದೆ.

ರಸ್ಟ್ ಭಾಷೆಯಲ್ಲಿ ಬರೆಯಲಾ ಅಂತಲೂ ಕೆಲವರು ಕೇಳುತ್ತಾರೆ. 2022ರ ಡಿಸೆಂಬರಿನ ಕರ್ನಲ್ 6.1ರಿಂದ ಅದಕ್ಕೆ ಜಾಗ ಸಿಕ್ಕಿದೆ. ಆದರೂ ಓದಬೇಕಾದ ಡ್ರೈವರ್‌ಗಳೆಲ್ಲ ಹೆಚ್ಚುಪಾಲು ಸಿ ಭಾಷೆಯಲ್ಲೇ ಇವೆ. ಮೊದಲು ಸಿ.

ವಿಂಡೋಸ್

ಇಲ್ಲಿ ತಯಾರಿ ಜಾಸ್ತಿ. ವಿಶುವಲ್ ಸ್ಟುಡಿಯೋ, ಅದರ ಮೇಲೆ ಡ್ರೈವರ್ ಬರೆಯುವ ಸಾಧನಗಳ ಕಟ್ಟಾದ ಡಬ್ಲ್ಯೂಡಿಕೆ — ಎರಡೂ ಕಲಿಯುವವರಿಗೆ ಉಚಿತ, ಆದರೆ ಡೌನ್‌ಲೋಡ್ ಹಲವು ಜಿಬಿ. ತಪ್ಪು ಹುಡುಕುವ ಡಿಬಗರ್ ಒಂದು ವಿಂಡೋಸ್‌ನಲ್ಲಿ, ಡ್ರೈವರ್ ಓಡುವುದು ಇನ್ನೊಂದರಲ್ಲಿ. ಎರಡನೆಯದು ವಿಎಂ ಆಗಬಹುದು. ವಿಂಡೋಸ್ 11ಕ್ಕೇ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಬೇಕು. ಹಾಗಾಗಿ ನಿಮ್ಮ ಲ್ಯಾಪ್‌ಟಾಪಿನಲ್ಲಿ 16 ಜಿಬಿ ಇದ್ದರೆ ಮಾತ್ರ ನೆಮ್ಮದಿ. ಪರೀಕ್ಷೆಯ ವಿಎಂಗೆ 90 ದಿನದ ಎಂಟರ್‌ಪ್ರೈಸ್ ಇವ್ಯಾಲ್ಯುಯೇಷನ್ ಪ್ರತಿ ಸಾಕು. ಕಾಲೇಜಿನಲ್ಲೋ ಪೇಟೆಯಲ್ಲೋ ನೆಟ್ ಚೆನ್ನಾಗಿರುವ ಕಡೆ ಎಲ್ಲ ಇಳಿಸಿಕೊಂಡು ಮನೆಗೆ ಒಯ್ಯಿರಿ.

ಯಾವ ಚೌಕಟ್ಟು ಅನ್ನುವ ಗೊಂದಲ ಬಹಳ ಜನರಿಗಿದೆ. ವಿಂಡೋಸ್ 98, 2000ದ ಕಾಲದ ಡಬ್ಲ್ಯೂಡಿಎಂ ಮೊದಲು ಕಲಿ ಅಂತ ಹಳಬರು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಅದರಲ್ಲಿ ಪ್ಲಗ್-ಅಂಡ್-ಪ್ಲೇ, ಪವರ್ ಸಂಬಂಧದ ಕೋರಿಕೆಗಳನ್ನು ಒಂದೊಂದಾಗಿ ನೀವೇ ನಿಭಾಯಿಸಬೇಕು. ಉಪಕರಣದ ಜೊತೆ ಮಾತಾಡುವ ಮೊದಲೇ ಸುಸ್ತಾಗುತ್ತದೆ. ಕರ್ನಲ್ ಡ್ರೈವರ್‌ಗೆಂದು ಇರುವ ಹೊಸ ಚೌಕಟ್ಟು ಕೆಎಂಡಿಎಫ್ ಆ ಭಾರ ಹೊರುತ್ತದೆ. ಅದರ ಸೋರ್ಸನ್ನೂ ಮೈಕ್ರೋಸಾಫ್ಟ್ 2015ರಲ್ಲಿ ತೆರೆದಿಟ್ಟಿದೆ, ಮಾದರಿ ಡ್ರೈವರ್‌ಗಳೂ ಗಿಟ್‌ಹಬ್‌ನಲ್ಲಿವೆ. ಯುಎಂಡಿಎಫ್‌ನ ಎರಡನೇ ಆವೃತ್ತಿ ಕೆಎಂಡಿಎಫ್ ಥರವೇ ಇರುವುದರಿಂದ ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೆ ಹೆಚ್ಚುಪಾಲು ಒದಗುತ್ತದೆ.

ಎಡು ಕಾರ್ಡ್ ಕೊಟ್ಟು ವಿಂಡೋಸ್ ವಿಎಂ ಏಳಿಸಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಅಪರಿಚಿತ ಪಿಸಿಐ ಡಿವೈಸ್ ಕಾಣುತ್ತದೆ. ಡ್ರೈವರ್ ಯಾವ ಉಪಕರಣದ್ದು ಅಂತ ವಿಂಡೋಸ್‌ಗೆ ಹೇಳುವ ಐಎನ್‌ಎಫ್ ಫೈಲಿನಲ್ಲಿ ಅದರ ವೆಂಡರ್ ಐಡಿ 1234 ಮತ್ತು ಡಿವೈಸ್ ಐಡಿ ಬರೆದು ನಿಮ್ಮ ಡ್ರೈವರ್ ಹಾಕಬೇಕು. ಹಳದಿ ಗುರುತು ಹೋದಾಗಿನ ಖುಷಿಯೇ ಬೇರೆ.

ಈಗ ಅದೇ ಬಗೆಯ ತಪ್ಪು ಇಲ್ಲಿ ಏನಾಗುತ್ತದೆ ನೋಡಿ. ವಿಂಡೋಸ್‌ನಲ್ಲಿ ಈಗ ಓಡುತ್ತಿರುವ ಕೆಲಸವನ್ನು ಯಾವುದು ತಡೆಯಬಹುದು ಅಂತ ಹೇಳುವ ಐಆರ್‌ಕ್ಯುಎಲ್ ಅಂತ ಒಂದು ಮಟ್ಟ ಇದೆ. ಸ್ಪಿನ್‌ಲಾಕ್ ಹಿಡಿದಾಗ ಮಟ್ಟ ಡಿಸ್ಪ್ಯಾಚ್‌ಗೆ ಏರುತ್ತದೆ. ಅಲ್ಲಿ ಡಿಸ್ಕಿಗೆ ಹೋಗಿರಬಹುದಾದ ಮೆಮೊರಿಯನ್ನು ಮುಟ್ಟಬಾರದು. ಮುಟ್ಟಿದಿರಿ ಅನ್ನಿ. ಆ ಹೊತ್ತಿಗೆ ಅದು ರ‍್ಯಾಮ್‌ನಲ್ಲೇ ಇದ್ದರೆ ಏನೂ ಆಗುವುದಿಲ್ಲ. ಇವತ್ತು ಓಡುತ್ತದೆ, ನಾಳೆಯೂ ಓಡುತ್ತದೆ, ಪ್ರಾಜೆಕ್ಟ್ ತೋರಿಸುವ ದಿನ ನೀಲಿ ಪರದೆ ಬರುತ್ತದೆ. ಇದಕ್ಕೆ ಮದ್ದು ವಿಂಡೋಸ್ ಜೊತೆಗೇ ಬರುವ ಡ್ರೈವರ್ ವೆರಿಫೈಯರ್. ಅದರಲ್ಲಿ ಐಆರ್‌ಕ್ಯುಎಲ್ ಪರೀಕ್ಷೆ ಹಾಕಿದರೆ ಅಂಥ ಮೆಮೊರಿಯನ್ನು ಬೇಕೆಂದೇ ಹೊರಗೆ ತಳ್ಳಿ, ತಪ್ಪನ್ನು ಅಲ್ಲೇ ಹಿಡಿಯುತ್ತದೆ. ಮೊದಲ ದಿನದಿಂದಲೇ ಅದನ್ನು ಹಾಕಿಟ್ಟುಕೊಳ್ಳಿ. ಕರ್ನಲ್‌ನಲ್ಲಿ ಹಿಡಿಯದ ತಪ್ಪಾದರೆ ಇಡೀ ಯಂತ್ರ ನಿಲ್ಲುವುದು ವಿಂಡೋಸ್ ರೀತಿ, ಆದ್ದರಿಂದ ಪ್ರತಿ ಸುತ್ತಿಗೂ ಒಂದು ಬೂಟ್ ಲೆಕ್ಕ ಹಾಕಿ. ವಿಎಂನ ಸ್ಥಿತಿಯನ್ನು ಹಾಗೇ ಉಳಿಸುವ ಸ್ನ್ಯಾಪ್‌ಶಾಟ್ ಇಟ್ಟುಕೊಂಡರೆ ಹೊತ್ತು ಉಳಿಯುತ್ತದೆ.

ಹಾಗಂತ ವಿಂಡೋಸ್ ಕಡಿಮೆ ಅಂತಲ್ಲ. ಕ್ರ್ಯಾಶ್ ಆದ ಮೇಲೆ ಹುಡುಕಲು ಮೈಕ್ರೋಸಾಫ್ಟ್‌ನ ಡಿಬಗರ್ ವಿನ್‌ಡಿಬಿಜಿಯಂಥ ಸಾಧನ ಸಿಗುವುದು ಕಷ್ಟ. ಕ್ರ್ಯಾಶ್ ಹೊತ್ತಿನ ಮೆಮೊರಿ ಉಳಿಸಿಟ್ಟ ಡಂಪ್ ಫೈಲ್ ತೆರೆದು ಅನಲೈಜ್ ಆಜ್ಞೆ ಕೊಟ್ಟರೆ ಯಾವ ಡ್ರೈವರ್, ಯಾವ ಸಾಲು, ಯಾವ ಹಾದಿಯಲ್ಲಿ ಅಲ್ಲಿಗೆ ಬಂತು ಅಂತ ತೆರೆದಿಡುತ್ತದೆ. ಒಳಗಿನ ಫಂಕ್ಷನ್‌ಗಳೂ ಲಿನಕ್ಸ್ ಹಾಗೆ ಬದಲಾಗುವುದಿಲ್ಲ. ಹಳೆಯ ಪಾಠ ಇವತ್ತಿಗೂ ಹೆಚ್ಚುಕಮ್ಮಿ ನಡೆಯುತ್ತದೆ.

ಡ್ರೈವರ್ ನಂಬಬಹುದು ಅಂತ ಹಾಕುವ ಡಿಜಿಟಲ್ ಸಹಿಯ ಲೆಕ್ಕ ಮಾತ್ರ ಭಾರ. ಕಲಿಯುವಾಗ ವಿಎಂನಲ್ಲಿ ನಂಬಿಕೆಯ ಸಹಿ ಇಲ್ಲದ್ದನ್ನು ಬೂಟ್‌ನಲ್ಲೇ ತಡೆಯುವ ಸೆಕ್ಯೂರ್ ಬೂಟ್ ತೆಗೆದು, ನೀವೇ ಮಾಡಿದ ಸಹಿಯನ್ನು ಒಪ್ಪುವ ಟೆಸ್ಟ್ ಸೈನಿಂಗ್ ಹಾಕಿದರೆ ಸಾಕು. ಬೇರೆಯವರ ಯಂತ್ರಕ್ಕೆ ಕೊಡಬೇಕಾದರೆ, ವಿಂಡೋಸ್ 10ರ 1607 ಆವೃತ್ತಿಯಿಂದ ಹೊಸ ಕರ್ನಲ್ ಡ್ರೈವರ್‌ಗೆ ಮೈಕ್ರೋಸಾಫ್ಟ್ ಸಹಿ ಬೇಕು. ಅದಕ್ಕೆ ನೋಂದಾಯಿಸಲು ಗುರುತು ಪರಿಶೀಲಿಸಿ ಕೊಡುವ ಇವಿ ಸರ್ಟಿಫಿಕೇಟ್ ಬೇಕು. ಅದನ್ನು ನೋಂದಾಯಿತ ಸಂಸ್ಥೆಗಳಿಗೆ ಕೊಡುತ್ತಾರೆ, ಖರ್ಚು ಹತ್ತಾರು ಸಾವಿರ ರೂಪಾಯಿ. ಒಬ್ಬ ವಿದ್ಯಾರ್ಥಿಗೆ ಇದು ಆಗುವ ಮಾತಲ್ಲ.

ಇನ್ನೊಂದು ಎಚ್ಚರಿಕೆ. ಮನೆಮಂದಿ ಬಳಸುವ ಲ್ಯಾಪ್‌ಟಾಪಿನಲ್ಲಿ ನೇರವಾಗಿ ಸೆಕ್ಯೂರ್ ಬೂಟ್ ತೆಗೆಯಲು ಹೋಗಬೇಡಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಮುಂದಿನ ಬೂಟ್‌ನಲ್ಲಿ ರಿಕವರಿ ಕೀ ಕೇಳಬಹುದು. ಕೀ ಎಲ್ಲಿದೆ ಗೊತ್ತಿಲ್ಲದಿದ್ದರೆ ಅಪ್ಪನ ತೋಟದ ಲೆಕ್ಕ, ಅಕ್ಕನ ಮದುವೆ ಫೋಟೋ ಎಲ್ಲ ಒಳಗೇ ಉಳಿಯುತ್ತವೆ.

ಮ್ಯಾಕ್

2019ರಲ್ಲಿ ಆಪಲ್ ಡ್ರೈವರ್‌ಕಿಟ್ ತಂದಿತು. ಡ್ರೈವರ್‌ಗಳು ಕರ್ನಲ್‌ನ ಹೊರಗೆ ಓಡಲಿ ಅನ್ನುವುದು ಅದರ ಉದ್ದೇಶ. ಕೆಕ್ಸ್ಟ್ ಎಂಬ ಹಳೆಯ ಕರ್ನಲ್ ದಾರಿಯನ್ನು ಮೆಲ್ಲಗೆ ಮುಚ್ಚುತ್ತಿದ್ದಾರೆ. ಆಪಲ್ ಸಿಲಿಕಾನ್ ಯಂತ್ರದಲ್ಲಿ ಹೊರಗಿನವರ ಕೆಕ್ಸ್ಟ್ ಹಾಕಬೇಕಾದರೆ ರಿಕವರಿಗೆ ಹೋಗಿ ಭದ್ರತೆಯನ್ನೇ ತಗ್ಗಿಸಬೇಕು. ಡ್ರೈವರ್‌ಕಿಟ್‌ನಲ್ಲಿ ಬರೆದದ್ದನ್ನು ಹಂಚಲು ಆಪಲ್‌ನಿಂದ ಅನುಮತಿ ಕೇಳಬೇಕು, ಡೆವಲಪರ್ ಸದಸ್ಯತ್ವಕ್ಕೆ ವರ್ಷಕ್ಕೆ 99 ಡಾಲರ್. ಕರ್ನಲ್ ಕಲಿಯಲೆಂದು ಮ್ಯಾಕ್ ಕೊಳ್ಳಬೇಡಿ. ಆಗಲೇ ಇದ್ದರೆ ಅದರಲ್ಲಿ ಲಿನಕ್ಸ್ ವಿಎಂ ಹಾಕಿ, ಆ ಕಡೆ ಕಲಿಯಿರಿ.

ಯಾರಿಗೆ ಯಾವುದು

8 ಜಿಬಿ ಲ್ಯಾಪ್‌ಟಾಪ್, ದುಡ್ಡಿಲ್ಲ, ನೆಟ್ ಮಳೆಯನ್ನು ನೋಡಿಕೊಂಡು ಬರುತ್ತದೆ ಅನ್ನುವವರು ಎರಡನೇ ಯೋಚನೆ ಮಾಡದೆ ಲಿನಕ್ಸ್ ಹಿಡಿಯಿರಿ. ನಮ್ಮ ಜಿಲ್ಲೆಯಲ್ಲಿ ಕಲಿಯುವವರಲ್ಲಿ ಹೆಚ್ಚಿನವರು ಈ ಸಾಲಿನವರೇ.

ಬೆಂಗಳೂರಿನ ಕ್ವಾಲ್ಕಾಮ್, ಇಂಟೆಲ್, ಎಎಂಡಿ, ಎನ್ವಿಡಿಯಾದಂಥ ಚಿಪ್ ಕಂಪನಿಗಳ ಕಡೆ ಕಣ್ಣಿದ್ದರೂ ಲಿನಕ್ಸ್ ಮೊದಲು. ಆಂಡ್ರಾಯ್ಡ್ ಕೂಡ ಓಡುವುದು ಲಿನಕ್ಸ್ ಕರ್ನಲ್ ಮೇಲೆಯೇ. ಭದ್ರತಾ ತಂತ್ರಾಂಶ, ಡೆಸ್ಕ್‌ಟಾಪ್ ಗ್ರಾಫಿಕ್ಸ್, ಪ್ರಿಂಟರ್ ಕಡೆ ಹೋಗುವ ಆಸೆ ಇದ್ದರೆ, 16 ಜಿಬಿ ಯಂತ್ರವೂ ಇದ್ದರೆ, ಕೆಎಂಡಿಎಫ್‌ನಿಂದಲೇ ಶುರು ಮಾಡಬಹುದು. ಅಲ್ಲಿ ವಿನ್‌ಡಿಬಿಜಿ ಬಲ್ಲವರಿಗೆ ಬೆಲೆ ಇದೆ.

ಕೊನೇ ವರ್ಷದ ಪ್ರಾಜೆಕ್ಟಿಗೆ ಕೇಳುವವರಿಗೆ: ನಿಮಗಿರುವುದು ಕೆಲವೇ ತಿಂಗಳು, ನಡುವೆ ಪರೀಕ್ಷೆ. ಎಡು ಕಾರ್ಡಿಗೆ ಲಿನಕ್ಸ್ ಡ್ರೈವರ್ ಪೂರ್ತಿ ಬರೆಯಿರಿ, ರಿಜಿಸ್ಟರ್ ಓದುವುದರಿಂದ ಡಿಎಂಎ ತನಕ. ಹೊತ್ತು ಉಳಿದರೆ ಅದೇ ಕಾರ್ಡಿಗೆ ವಿಂಡೋಸ್‌ನಲ್ಲಿ ರಿಜಿಸ್ಟರ್ ಮತ್ತು ಇಂಟರಪ್ಟ್ ಭಾಗ ಮಾತ್ರ ಬರೆದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ. ಕಾಲೇಜು ಲ್ಯಾಬಿನ ಯಂತ್ರದಲ್ಲಿ ಅಡ್ಮಿನ್ ಹಕ್ಕು ಸಿಗದಿದ್ದರೂ ಕ್ಯೂಇಎಂಯು ಹಾಕಿಕೊಡಿ ಅಂತ ಲ್ಯಾಬ್ ನೋಡಿಕೊಳ್ಳುವ ಸರ್ ಹತ್ತಿರ ಕೇಳಿ. ಒಳಗೆ ಎಷ್ಟು ಕ್ರ್ಯಾಶ್ ಆದರೂ ಹೊರಗಿನ ಯಂತ್ರಕ್ಕೆ ಏನೂ ಆಗುವುದಿಲ್ಲ ಅಂತ ತೋರಿಸಿದರೆ ಒಪ್ಪುವ ಸಾಧ್ಯತೆ ಜಾಸ್ತಿ.

ಅಂಗಡಿ, ಬಂದರು, ಸೊಸೈಟಿಯ ಯಾವುದೋ ಉಪಕರಣ ಓಡಿಸಿಕೊಡಬೇಕಾಗಿ ಬಂದವರು ಮೊದಲು ಅದರ ಹಿಂದೆ ಯಾವ ಕನೆಕ್ಟರ್ ಇದೆ ನೋಡಿ. ಸೀರಿಯಲ್ ಇದ್ದರೆ ಕನ್ವರ್ಟರ್ ತನ್ನಿ. ಯುಎಸ್‌ಬಿ ಇದ್ದರೆ ಲಿಬ್‌ಯುಎಸ್‌ಬಿಯಲ್ಲಿ ಒಂದು ದಿನ ಪ್ರಯತ್ನಿಸಿ. ಎರಡರಲ್ಲೂ ಆಗದಿದ್ದರೆ ಮಾತ್ರ ಕರ್ನಲ್‌ಗೆ ಇಳಿಯಿರಿ, ಆಗ ಆ ಅಂಗಡಿಯ ಕಂಪ್ಯೂಟರಿನಲ್ಲಿ ಯಾವ ಓಎಸ್ ಇದೆಯೋ ಅದೇ ನಿಮ್ಮ ಆಯ್ಕೆ. ಅದು ವಿಂಡೋಸ್ ಆಗಿದ್ದರೆ, ಒಂದು ಸಾಲು ಬರೆಯುವ ಮೊದಲೇ ಸಹಿಯ ಖರ್ಚು ಯಾರದು ಅಂತ ಮಾಲೀಕರ ಹತ್ತಿರ ಮಾತಾಡಿಕೊಳ್ಳಿ.